ಹಟ್ಟಿಯಲ್ಲಿ ಸಿಗದ ‘ಹಟ್ಟಿ’

‘ಹಟ್ಟಿ’ ಉತ್ತರ ಕರ್ನಾಟಕದ ವಿರಳ ಅಡ್ಡಹೆಸರುಗಳಲ್ಲಿ ಒಂದು. ಪಾಟೀಲ, ಹಿರೇಮಠ, ಬಡಿಗೇರ, ತಳವಾರ ಎಂಬ ಹೆಸರಿನವರು ಯಾವ ಊರಿಗೆ ಹೋದರೂ ಸಿಗುತ್ತಾರೆ. ಹಟ್ಟಿಯವರು ಹಾಗಲ್ಲ. ಊರಿಗೆ ಒಂದು ಮನೆ, ಹೆಚ್ಚೆಂದರೆ ಒಂದೇ ಓಣಿಯಲ್ಲಿ ಅಣ್ಣತಮ್ಮಂದಿರ ನಾಲ್ಕು ಮನೆ. ಇದೇ ಹೆಸರಿನ ಊರೊಂದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಚಿನ್ನದ ಗಣಿಯಿಂದಾಗಿ ನಾಡಿಗೆಲ್ಲ ಗೊತ್ತಿರುವ ಊರು. ಅಡ್ಡಹೆಸರು ಅಲ್ಲಿ ದಂಡಿಯಾಗಿ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಊರ ಹೆಸರಿನಿಂದ ಬಂದ ಅಡ್ಡಹೆಸರು ಹುಟ್ಟುವುದು ಊರೊಳಗೆ ಉಳಿದವರಿಗಲ್ಲ, ಊರು ಬಿಟ್ಟವರಿಗೆ. ಹಟ್ಟಿಯೊಳಗೆ ಎಲ್ಲರೂ ಹಟ್ಟಿಯವರೇ ಆದದ್ದರಿಂದ ಆ ಹೆಸರು ಯಾರನ್ನೂ ಗುರುತಿಸದು. ಒಬ್ಬ ಹಟ್ಟಿಯಿಂದ ಎದ್ದು ಮುದಗಲ್ಲಿಗೋ ಸಿಂಧನೂರಿಗೋ ಹೋಗಿ ನೆಲೆಸಿದಾಗ ಮಾತ್ರ ಅವನು ‘ಹಟ್ಟಿಯವನು’ ಆಗುತ್ತಾನೆ. ಈ ಹೆಸರಿನ ವಿರಳತೆಯ ಗುಟ್ಟು ಬಹುಪಾಲು ಇಲ್ಲಿಯೇ ಇದೆ.

ಮೊದಲು ಪದವನ್ನೇ ನೋಡಬೇಕು. ಹಟ್ಟಿಯ ಹಳಗನ್ನಡ ರೂಪ ‘ಪಟ್ಟಿ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಳ್ಳಿ ಹಳ್ಳಿಯಾದಂತೆ ಪಟ್ಟಿ ಹಟ್ಟಿಯಾಯಿತು. ಪದದ ಮೊದಲ ಪಕಾರ ಹಕಾರವಾಗುವ ಈ ಬದಲಾವಣೆ ಕನ್ನಡದಲ್ಲಿ ಸುಮಾರು 10ನೇ ಶತಮಾನದ ಹೊತ್ತಿಗೆ ತೊಡಗಿ ಮುಂದಿನ ಕೆಲವು ಶತಮಾನಗಳಲ್ಲಿ ನೆಲೆನಿಂತಿತು. ತಮಿಳಿನಲ್ಲಿ ಪಕಾರ ಹಾಗೆಯೇ ಉಳಿಯಿತು. ಅಲ್ಲಿ ಇಂದಿಗೂ ಕೋವಿಲ್‌ಪಟ್ಟಿ, ಉಸಿಲಂಪಟ್ಟಿ ಎಂಬ ಊರುಗಳಿವೆ. ದನ ಕುರಿಗಳನ್ನು ರಾತ್ರಿ ಕೂಡಿಹಾಕಲು ಬೇಲಿ ಕಟ್ಟಿದ ಜಾಗ ಎಂಬುದು ಪದದ ಬೇರಿನಲ್ಲಿರುವ ಅರ್ಥ. ದನ ಇದ್ದಲ್ಲಿ ಕಾಯುವವನ ಗುಡಿಸಲು ಇರಲೇಬೇಕು, ಒಂದು ಗುಡಿಸಲು ಹತ್ತಾದರೆ ಕೇರಿ, ಕೇರಿ ಬೆಳೆದರೆ ಊರು. ಹೀಗೆ ಪದದ ಅರ್ಥವೂ ದನದ ಜೊತೆ ಮನುಷ್ಯನನ್ನು ಸೇರಿಸಿಕೊಂಡು ಹಿಗ್ಗಿತು.

ಎಷ್ಟು ಹಿಗ್ಗಿತು ಎಂಬುದು ಸೀಮೆಯಿಂದ ಸೀಮೆಗೆ ಬೇರೆ. ಕರಾವಳಿ ಮತ್ತು ಕಾಸರಗೋಡಿನ ಕನ್ನಡದಲ್ಲಿ ಹಟ್ಟಿ ಎಂದರೆ ಈಗಲೂ ದನದ ಕೊಟ್ಟಿಗೆಯೇ. ತೋಟಕ್ಕೆ ಹಾಕುವ ಗೊಬ್ಬರ ಹಟ್ಟಿಗೊಬ್ಬರ. ಚಿತ್ರದುರ್ಗದ ಕಡೆ ಅದು ಪಶುಪಾಲಕರ ಕೇರಿ, ಗೊಲ್ಲರಹಟ್ಟಿ ಎಂಬಂತೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಯಿಂದ ಹೆಸರಾದ ದೊಡ್ಡ ಊರು. ನೀಲಗಿರಿಯ ಬಡಗರಿಗೆ ಹಟ್ಟಿ ಎಂದರೆ ಹಳ್ಳಿ, ಅಷ್ಟೇ. ರಾಯಚೂರು ಸೀಮೆಯಲ್ಲಿ ಇದೇ ಕೆಲಸ ಮಾಡುವ ಇನ್ನೊಂದು ಪದವಿದೆ: ದೊಡ್ಡಿ. ಅದೂ ದನ ಕುರಿ ಕೂಡುವ ಜಾಗ. ದೇವದುರ್ಗ, ಲಿಂಗಸುಗೂರು ತಾಲ್ಲೂಕುಗಳ ಹೊಲಗಳ ನಡುವೆ ಹರಡಿರುವ ಸಣ್ಣ ಸಣ್ಣ ಜನವಸತಿಗಳೂ ದೊಡ್ಡಿಗಳೇ. ಹಟ್ಟಿಯೂ ದೊಡ್ಡಿಯೂ ಒಂದೇ ಹಾದಿಯಲ್ಲಿ ನಡೆದು ಬಂದ ಪದಗಳು.

ಹಳೆಯ ಅರ್ಥ ಇನ್ನೂ ಮಾಸದೆ ಉಳಿದಿರುವುದು ದೀಪಾವಳಿಯಲ್ಲಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಾಡ್ಯದ ದಿನವನ್ನು ಹಟ್ಟಿಹಬ್ಬ ಎನ್ನುವುದುಂಟು. ನಸುಕಿನಲ್ಲಿ ಮನೆಯ ಹೆಣ್ಣುಮಕ್ಕಳು ಹಸಿ ಸಗಣಿಯನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಚೂಪು, ಕೆಳಗೆ ಅಗಲ ಬರುವಂತೆ ಒತ್ತಿ ಸಣ್ಣ ಗೋಪುರಗಳನ್ನು ಮಾಡುತ್ತಾರೆ. ಅವುಗಳ ತಲೆಗೆ ಉತ್ತರಾಣಿ ಕಡ್ಡಿ, ಚೆಂಡುಹೂ ಸಿಕ್ಕಿಸುತ್ತಾರೆ. ಹೊಸ್ತಿಲ ಬದಿಯಲ್ಲಿ, ಗ್ವಾದಲಿಯ ಹತ್ತಿರ, ಅಂಗಳದಲ್ಲಿ ಇಟ್ಟು ಅರಿಶಿನ ಕುಂಕುಮ ಏರಿಸುತ್ತಾರೆ. ಇವಳು ಹಟ್ಟಿ ಲಕ್ಕವ್ವ. ದನವೇ ಐಶ್ವರ್ಯವಾಗಿದ್ದ ಕಾಲದ ಲಕ್ಷ್ಮಿ ಇವಳು. ಒಕ್ಕಲುತನದ ಮನೆಗೆ ಹಟ್ಟಿ ತುಂಬಿದರೆ ಮನೆ ತುಂಬಿದಂತೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಆಚರಣೆ ಬೇರೊಂದಿಲ್ಲ.

ಈ ನೆಲದಲ್ಲಿ ಹಟ್ಟಿಯ ಇತಿಹಾಸ ಪದದ ಇತಿಹಾಸಕ್ಕಿಂತಲೂ ತುಂಬ ಹಿಂದಿನದು. ರಾಯಚೂರು, ಬಳ್ಳಾರಿ, ಸುರಪುರದ ಸುತ್ತಮುತ್ತ ಬೂದಿಯ ದಿಬ್ಬಗಳಿವೆ. ಜನ ಅವುಗಳಿಗೆ ರಾಕ್ಷಸರ ಕತೆ, ಪುರಾಣದ ಯುದ್ಧದ ಕತೆ ಕಟ್ಟಿದ್ದರು. ಬ್ರಿಟಿಷ್ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆಸಿದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತು, ಬೇಲಿಗೆ ನೆಟ್ಟ ಕಂಬಗಳ ಕುಳಿ ಕಂಡವು. ನವಶಿಲಾಯುಗದ ಜನ ತಮ್ಮ ದನಗಳನ್ನು ಮರದ ಬೇಲಿಯೊಳಗೆ ಕೂಡಿದ್ದರು. ಶೇಖರವಾದ ಸಗಣಿಗೆ ಆಗಾಗ ಬೆಂಕಿ ಬಿದ್ದು ದಿಬ್ಬ ಬೆಳೆದಿತ್ತು. 1963ರಲ್ಲಿ ಆಲ್ಚಿನ್ ಈ ದನಗಾಹಿಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲೂ ಅವರು ಅಗೆತ ನಡೆಸಿದ್ದರು. ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಉತ್ಖನನ ಮಾಡಿದರು. ಕೃಷ್ಣಾ ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ಮನುಷ್ಯ ಮೊದಲು ನೆಲೆ ನಿಂತದ್ದು ದನದ ಹಟ್ಟಿಯ ಸುತ್ತ ಎಂಬುದಕ್ಕೆ ಇವೆಲ್ಲ ಸಾಕ್ಷಿ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಹೆಸರಿನಲ್ಲಿ ಆದ್ದರಿಂದ ಚಿನ್ನದ ಸುಳಿವೇ ಇಲ್ಲ, ಇರುವುದು ದನದ ಸುಳಿವು. ಚಿನ್ನ ಮಾತ್ರ ಅಲ್ಲಿ ಬಹಳ ಹಿಂದಿನದು. ಹಳೆಯ ಅಗೆತಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು 2,000 ವರ್ಷ ಎಂದು ಇಂಗಾಲದ ಪರೀಕ್ಷೆ ಹೇಳಿತು. ಯಂತ್ರವಿಲ್ಲದ ಆ ಕಾಲದ ಜನ 600 ಅಡಿಗೂ ಆಳಕ್ಕೆ ಇಳಿದಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಟ್ಟ ಮೇಲೆ ಒಡೆದು ಅದಿರು ತೆಗೆಯುವುದು ಅವರ ರೀತಿ. ನಿಜಾಮರ ಆಳ್ವಿಕೆಯಲ್ಲಿ, 20ನೇ ಶತಮಾನದ ಮೊದಲ ದಶಕಗಳಲ್ಲಿ, ಗಣಿ ಮತ್ತೆ ನಡೆದು ನಿಂತಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಸ್ಥಾಪನೆಯಾಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಂಪನಿಯ ಹೆಸರಿನಲ್ಲಿ ಹೈದರಾಬಾದ್ ಹೋಗಿ ಹಟ್ಟಿ ಬಂತು. ಇಂದು ಅದು ಕರ್ನಾಟಕ ಸರ್ಕಾರದ ಉದ್ಯಮ. ದನದ ಹಟ್ಟಿಯ ಹೆಸರು ಹೀಗೆ ಚಿನ್ನದ ಗಟ್ಟಿಯ ಮೇಲಿನ ಹೆಸರಾಯಿತು.

ಇನ್ನು ಊರ ಹೆಸರು ಮನೆತನದ ಹೆಸರಾಗುವ ಬಗೆ. ಬರ ಬಿದ್ದಾಗ, ಹೊಲ ಹೋದಾಗ, ಹೆಂಡತಿಯ ತವರಲ್ಲಿ ಮನೆಅಳಿಯನಾಗಿ ನಿಂತಾಗ, ದಿನಸಿ ಅಂಗಡಿ ಇಡಲು ಹೋದಾಗ ಒಂದು ಕುಟುಂಬ ಊರು ಬಿಡುತ್ತದೆ. ಹೊಸ ಊರಿನಲ್ಲಿ ಬಸಪ್ಪ, ಹನುಮಂತ, ಹುಸೇನಸಾಬ ಎಂಬ ಹೆಸರಿನವರು ಮೊದಲೇ ಹತ್ತಾರು ಮಂದಿ ಇರುತ್ತಾರೆ. ಯಾವ ಬಸಪ್ಪ ಎಂದು ಹೇಳಲು ಒಂದು ಗುರುತು ಬೇಕು. ‘ಹಟ್ಟಿ ಬಸಪ್ಪ’ ಎನ್ನುತ್ತಾರೆ. ಮುಂದಿನ ತಲೆಮಾರಿಗೆ ಅದು ‘ಹಟ್ಟ್ಯಾರ ಮನಿ’. ಮೂರನೆಯ ತಲೆಮಾರಿನ ಹುಡುಗನನ್ನು ಸಾಲಿಗೆ ಹಚ್ಚಲು ಅಪ್ಪ ಕರೆದುಕೊಂಡು ಬರುತ್ತಾನೆ. ದಾಖಲಾತಿ ಪುಸ್ತಕ ತೆರೆದು ಕುಳಿತ ಮಾಸ್ತರರು ಕೇಳುತ್ತಾರೆ:

“ಅಡ್ಡೆಸ್ರು ಏನಂತ ಬರೀಲಿ?”

“ಊರಾಗ ನಮಗ ಹಟ್ಟ್ಯಾರು ಅಂತಾರ್ರಿ. ನಮ್ಮಜ್ಜ ಅಲ್ಲಿಂದ ಬಂದಾನಂತ.”

ಮಾಸ್ತರರು ‘ಹಟ್ಟಿ’ ಎಂದು ಬರೆಯುತ್ತಾರೆ. ಉತ್ತರ ಕರ್ನಾಟಕದ ಸಾವಿರಾರು ಅಡ್ಡಹೆಸರುಗಳು ಕಾಗದಕ್ಕೆ ಇಳಿದದ್ದು ಈ ರೀತಿಯಲ್ಲಿ. ಬಾಯಲ್ಲಿದ್ದಷ್ಟು ದಿನ ಹೆಸರು ಬದಲಾಗುತ್ತಲೇ ಇರುತ್ತದೆ. ಅದೇ ಕುಟುಂಬ ಮತ್ತೊಂದು ಊರಿಗೆ ಹೋದರೆ ಹೊಸ ಊರಿನವರು ಅವರನ್ನು ಹಿಂದಿನ ಊರಿನ ಹೆಸರಿನಿಂದ ಕರೆಯುತ್ತಾರೆ. ಶಾಲೆಯ ಪುಸ್ತಕಕ್ಕೆ ಏರಿದ ಕ್ಷಣದಿಂದ ಅದು ನಿಂತು ಹೋಗುತ್ತದೆ. ಪದದ ರೂಪವೂ ಆಗ ಬದಲಾಗುತ್ತದೆ. ‘ಹಟ್ಟ್ಯಾರು’ ಎಂಬ ಬಹುವಚನ ಒಂದು ಮನೆತನವನ್ನು ಹೇಳುತ್ತಿತ್ತು, ‘ಹಟ್ಟಿ’ ಎಂಬುದು ಬರೀ ಊರನ್ನು ಹೇಳುತ್ತದೆ. ಬಾಯಿಮಾತಿನಲ್ಲಿ ಇಂದಿಗೂ ಉಳಿದಿರುವುದು ಮೊದಲನೆಯದೇ.

ಮರಾಠಿಯ ನೆರಳಿದ್ದ ಕಡೆ ಇಂಥ ಊರ ಹೆಸರಿಗೆ ‘ಕರ’ ಸೇರಿತು. ಉರ್ದು ಮನೆಮಾತಿನವರು ‘ವಾಲೆ’ ಎನ್ನುತ್ತಾರೆ. ಕನ್ನಡದಲ್ಲಿ ಪ್ರತ್ಯಯವೇ ಬೇಕಾಗಲಿಲ್ಲ. ಊರ ಹೆಸರು ಹಾಗೆಯೇ ಮನುಷ್ಯನ ಹೆಸರಿನ ಬೆನ್ನಿಗೆ ಬಂದು ನಿಂತಿತು. ರಾಯಚೂರು ಜಿಲ್ಲೆಯ ಜಂಬಲದಿನ್ನಿ ಎಂಬ ಸಣ್ಣ ಊರನ್ನು ಹಿಂದೂಸ್ತಾನಿ ಸಂಗೀತ ಕೇಳುವವರೆಲ್ಲ ಬಲ್ಲರು, ವಚನ ಗಾಯನಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರಿಂದ. ಮಲ್ಲಿಕಾರ್ಜುನ ಮನ್ಸೂರರ ಮನಸೂರು ಧಾರವಾಡದ ಮಗ್ಗುಲಿನ ಹಳ್ಳಿ. ಊರು ಬಿಟ್ಟವರೇ ಊರ ಹೆಸರನ್ನು ಹೊತ್ತು ನಡೆದರು.

ಇದಕ್ಕೆ ಇನ್ನೂ ಸ್ಪಷ್ಟವಾದ ಉದಾಹರಣೆ ಕರಾವಳಿಯದು. ಚಿತ್ರಾಪುರ ಸಾರಸ್ವತರು ಸಂಖ್ಯೆಯಲ್ಲಿ ಸಣ್ಣ ಸಮುದಾಯ. ಅವರ ಎಷ್ಟೋ ಅಡ್ಡಹೆಸರುಗಳು ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳವು: ಕಾರ್ನಾಡ, ಬೆನೆಗಲ್, ಪಡುಕೋಣೆ. ಗಿರೀಶ ಕಾರ್ನಾಡ, ಶ್ಯಾಮ್ ಬೆನೆಗಲ್, ಪ್ರಕಾಶ್ ಪಡುಕೋಣೆ ಇವರಿಂದ ಈ ಹಳ್ಳಿಗಳ ಹೆಸರು ದೇಶವೆಲ್ಲ ಸುತ್ತಿತು. ಇದೇ ಸಾಲಿನಲ್ಲಿ ‘ಹಟ್ಟಂಗಡಿ’ಯೂ ಇದೆ. ಕುಂದಾಪುರ ತಾಲ್ಲೂಕಿನ ಹಟ್ಟಿಯಂಗಡಿ ಸಿದ್ಧಿವಿನಾಯಕ ದೇವಸ್ಥಾನದಿಂದ ಪ್ರಸಿದ್ಧವಾದ ಊರು. ಆ ಹೆಸರನ್ನು ಜಗತ್ತು ಕೇಳಿದ್ದು 1982ರ ‘ಗಾಂಧಿ’ ಚಿತ್ರದಲ್ಲಿ ಕಸ್ತೂರಬಾ ಪಾತ್ರ ಮಾಡಿದ ರೋಹಿಣಿ ಹಟ್ಟಂಗಡಿಯವರಿಂದ. ಅವರು ಪುಣೆಯ ಮರಾಠಿ ಮನೆಯಲ್ಲಿ ರೋಹಿಣಿ ಓಕ್ ಆಗಿ ಬೆಳೆದವರು. ರಂಗನಿರ್ದೇಶಕ ಜಯದೇವ ಹಟ್ಟಂಗಡಿಯವರನ್ನು ಮದುವೆಯಾಗಿ ಈ ಹೆಸರು ಪಡೆದರು. ವಾರಾಹಿಯ ದಡದ ಒಂದು ಊರಿನ ಹೆಸರು ಮುಂಬಯಿಯ ರಂಗಭೂಮಿಯನ್ನು ಹಾದು ಲಂಡನ್ನಿನ ಬಾಫ್ಟಾ ಪ್ರಶಸ್ತಿಯ ಪಟ್ಟಿಗೆ ಹೋಯಿತು.

ಊರು ಬಿಟ್ಟವರಿಗೆ ಊರ ಹೆಸರು ಅಂಟುವುದು ಕನ್ನಡದ್ದೊಂದೇ ರೂಢಿಯಲ್ಲ. ಅಡ್ಡಹೆಸರುಗಳ ವೈವಿಧ್ಯಕ್ಕೆ ಹೆಸರಾದ ಇಟಲಿಯಲ್ಲಿ ‘ಲೊಂಬಾರ್ಡೊ’ ಎಂಬುದೊಂದಿದೆ. ಲೊಂಬಾರ್ಡಿಯವನು ಎಂದು ಅದರ ಅರ್ಥ. ಲೊಂಬಾರ್ಡಿ ಇರುವುದು ಆ ದೇಶದ ಉತ್ತರ ತುದಿಯಲ್ಲಿ, ಲೊಂಬಾರ್ಡೊಗಳು ಹೇರಳವಾಗಿ ಸಿಗುವುದು ದಕ್ಷಿಣದ ಸಿಸಿಲಿ ದ್ವೀಪದಲ್ಲಿ. ಮಧ್ಯಯುಗದಲ್ಲಿ ಉತ್ತರದಿಂದ ಹೋಗಿ ಅಲ್ಲಿ ನೆಲೆಸಿದವರಿಗೆ ದ್ವೀಪದವರು ಇಟ್ಟ ಹೆಸರು ಅದು. ಇಟಲಿಯಲ್ಲಿ ಅಡ್ಡಹೆಸರು ಕಾಗದದಲ್ಲಿ ಗಟ್ಟಿಯಾಗಲು ಚರ್ಚಿನ ಪುಸ್ತಕ ಕಾರಣ. 1563ರಲ್ಲಿ ಮುಗಿದ ಟ್ರೆಂಟಿನ ಮಹಾಸಭೆ ಪ್ರತಿ ಚರ್ಚೂ ದೀಕ್ಷಾಸ್ನಾನದ ಮತ್ತು ಮದುವೆಯ ದಾಖಲೆ ಇಡಬೇಕೆಂದು ವಿಧಿಸಿತು. ಅಲ್ಲಿ ಪಾದ್ರಿ ಮಾಡಿದ ಕೆಲಸವನ್ನು ಇಲ್ಲಿ ಮುನ್ನೂರು ವರ್ಷಗಳಿಗೂ ಮಿಕ್ಕು ತಡವಾಗಿ ಶಾಲೆಯ ಮಾಸ್ತರರೂ ಕಂದಾಯದ ಗುಮಾಸ್ತರೂ ಮಾಡಿದರು.

ಕಸುಬಿನ ಹೆಸರುಗಳದು ಬೇರೆ ದಾರಿ. ಹಟ್ಟಿಗೆ ಸಮೀಪದ ಗುರುಗುಂಟಾದ ಅಮರೇಶ್ವರ ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ದಂಪತಿಯ ಊರು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ 12ನೇ ಶತಮಾನದ ಶರಣರಿಗೆ ಆ ಕಾಯಕವೇ ಹೆಸರಾಯಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ ಎಲ್ಲರದೂ ಇದೇ ಕಟ್ಟು. ಆಗ ಕಾಯಕದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಈಗ ಅದು ಹಿಂದುಮುಂದಾಗಿದೆ. ಕಂಬಾರ, ಬಡಿಗೇರ, ಪತ್ತಾರ, ಹೂಗಾರ, ಗಾಣಿಗೇರ ಪ್ರತಿ ಊರಿನಲ್ಲೂ ಇರಬೇಕಾದ ಕಸುಬುಗಳಾದ್ದರಿಂದ ಆ ಅಡ್ಡಹೆಸರುಗಳೂ ಎಲ್ಲ ಊರಿನಲ್ಲಿ ಹುಟ್ಟಿದವು. ಇಟಲಿಯ ‘ಫೆರಾರಿ’ಯೂ ಕಂಬಾರನೇ, ಅಲ್ಲಿಯೂ ಅದು ತೀರ ಸಾಮಾನ್ಯ ಹೆಸರು. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರ ಹೆಸರಿಗೂ ಆ ಮೋಟಾರು ಕಾರಿನ ಹೆಸರಿಗೂ ಅರ್ಥ ಒಂದೇ. ಅಧಿಕಾರದ ಹೆಸರುಗಳದೂ ಇದೇ ಕತೆ. ಹೈದರಾಬಾದ್ ಸಂಸ್ಥಾನದಲ್ಲಿ ಕಂದಾಯಕ್ಕೆ ಮಾಲಿಪಾಟೀಲ, ಕಾವಲಿಗೆ ಪೊಲೀಸ್‌ಪಾಟೀಲ, ಲೆಕ್ಕಕ್ಕೆ ಪಟವಾರಿ ಇದ್ದರು. 1961ರ ಕಾಯಿದೆ ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಮಾಡಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಹುಣಸಿಮರದ ಎಂಬಂಥವು ಮಾರುತ್ತಿದ್ದ ಸರಕಿನಿಂದಲೋ ಮನೆಯ ಮುಂದಿನ ಗಿಡದಿಂದಲೋ ಬಂದವು, ಹೊರಗಿನವರಿಗೆ ಅಚ್ಚರಿ ಹುಟ್ಟಿಸುವಂಥವು.

ಸಿಂಧನೂರು ತಾಲ್ಲೂಕಿನಲ್ಲಿ ಹೆಸರಿಡುವ ಮೂರು ಪದ್ಧತಿಗಳು ಒಂದೇ ಕಾಲುವೆಯ ನೀರು ಕುಡಿಯುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ಭತ್ತ ಬೆಳೆಯತೊಡಗಿದರು. ಅವರ ವಸತಿಗಳೇ ಕ್ಯಾಂಪುಗಳು. ತೆಲುಗಿನವರ ಮನೆತನದ ಹೆಸರು, ಅಂದರೆ ಇಂಟಿಪೇರು, ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತದೆ. ಅದೂ ಎಷ್ಟೋ ಸಲ ಬಿಟ್ಟು ಬಂದ ಊರಿನ ಹೆಸರೇ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಇದೇ ತಾಲ್ಲೂಕಿನಲ್ಲಿ ಜಾಗ ಕೊಟ್ಟಿತು. ಆರ್‌ಎಚ್ ಎಂಬ ಪುನರ್ವಸತಿ ಕ್ಯಾಂಪುಗಳಲ್ಲಿ ಮಂಡಲ್, ಬಿಸ್ವಾಸ್ ಎಂಬ ಅಡ್ಡಹೆಸರುಗಳಿವೆ. ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಒಬ್ಬನ ಮನೆತನ ಮೊದಲು, ಇನ್ನೊಬ್ಬನದು ಕೊನೆಗೆ. ಮೈಸೂರು ಕಡೆಯ ಮಗುವಾದರೆ ಮನೆತನವೇ ಇಲ್ಲ, ಊರಿನ ಮತ್ತು ತಂದೆಯ ಹೆಸರಿನ ಒಂದೊಂದು ಅಕ್ಷರ ಮಾತ್ರ. ಹಟ್ಟಿಯಿಂದ ಬೆಂಗಳೂರಿಗೆ ಹೋಗಿ ಅಲ್ಲಿನ ರೂಢಿಯಂತೆ ಹೆಸರು ಬರೆಸಿದವನ ‘ಹಟ್ಟಿ’ ಒಂದು ‘ಎಚ್’ ಆಗಿ ಮುದುಡುತ್ತದೆ.

ಅಡ್ಡಹೆಸರು ಇಂಗ್ಲಿಷ್ ಲಿಪಿಗೆ ಹೋದಾಗ ಇನ್ನೊಂದು ಅವಾಂತರ. ಕನ್ನಡದಲ್ಲಿ ಹಟ್ಟಿ ಬೇರೆ, ಹತ್ತಿ ಬೇರೆ. ಹತ್ತಿ ವ್ಯಾಪಾರ ಮಾಡುತ್ತಿದ್ದ ಮನೆತನಗಳಿಗೂ ಆ ಅಡ್ಡಹೆಸರು ಇದೆ. ಕಪ್ಪು ಎರೆಭೂಮಿಯ ರಾಯಚೂರು, ಗದಗ, ಹುಬ್ಬಳ್ಳಿ ಸೀಮೆಗೆ ಅದು ಸಹಜ. ಇಂಗ್ಲಿಷಿನಲ್ಲಿ ಟಕಾರಕ್ಕೂ ತಕಾರಕ್ಕೂ ಒಂದೇ ಅಕ್ಷರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟುಗಳಲ್ಲಿ ದನದ ಹಟ್ಟಿಯೂ ಅರಳೆಯ ಹತ್ತಿಯೂ ಒಂದೇ ಹೆಸರಾಗುತ್ತವೆ. ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ಬರೆಯುವವರು ಊಹೆಯ ಮೇಲೆ ಒಂದನ್ನು ಆರಿಸುತ್ತಾರೆ, ಅಲ್ಲಿಗೆ ಒಂದು ಮನೆತನದ ಮೂಲವೇ ಬದಲಾಗುತ್ತದೆ. ಇದು ಸಣ್ಣ ತಪ್ಪಲ್ಲ. ಎರಡು ತಲೆಮಾರು ಕಳೆದರೆ ತಿದ್ದಲು ನೆನಪಿರುವವರೇ ಇರುವುದಿಲ್ಲ. ಇದರ ಮೇಲೆ ಊರಿನ ಹೆಸರನ್ನು ಗಣಿ ಕಂಪನಿ ಇಂಗ್ಲಿಷಿನಲ್ಲಿ ಎಚ್ ಆದ ಮೇಲೆ ಯು ಇಟ್ಟು ಬರೆಯುತ್ತದೆ. ಹ್ರಸ್ವ ಅಕಾರಕ್ಕೆ ಯು ಬಳಸುವುದು ಬ್ರಿಟಿಷ್ ಕಾಲದ ಕಾಗುಣಿತ. ಪಂಜಾಬಿನ ಪ, ಬರ್ಮಾದ ಬ ಹಾಗೆಯೇ ಬರೆಯಲ್ಪಟ್ಟವು. ಅಡ್ಡಹೆಸರಿನವರು ಸಾಮಾನ್ಯವಾಗಿ ಎ ಬರೆಯುತ್ತಾರೆ. ಒಂದೇ ಕನ್ನಡ ಪದ ಹೀಗೆ ಕಂಪ್ಯೂಟರಿನ ಪಟ್ಟಿಯಲ್ಲಿ ಎರಡಾಗಿ ಒಡೆಯುತ್ತದೆ. ವಿರಳ ಹೆಸರು ಇನ್ನಷ್ಟು ವಿರಳವಾಗಿ ಕಾಣಲು ಇದೂ ಒಂದು ಕಾರಣ.

ಬರಹಕ್ಕೂ ಹೆಸರಿಗೂ ಇರುವ ಇಂಥ ನಂಟಿಗೆ ಈ ಸೀಮೆಯದೇ ದೊಡ್ಡ ಸಾಕ್ಷಿ ಮಸ್ಕಿಯ ಬಂಡೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಸಿ. ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಅಷ್ಟು ಹೊತ್ತಿಗೆ ಭಾರತದ ಉದ್ದಗಲಕ್ಕೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನಿಗೆ ‘ದೇವಾನಾಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಅವನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಮಸ್ಕಿಯ ಶಾಸನದಲ್ಲಿ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರು ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಪ್ರಕಟಿಸಿದರು. ಮುಂದೆ ಮಧ್ಯಪ್ರದೇಶದ ಗುಜ್ಜರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲೂ ಆ ಹೆಸರು ದೊರೆಯಿತು. ಚಕ್ರವರ್ತಿಯ ಹೆಸರನ್ನೇ ಬಿರುದು ಎರಡು ಸಾವಿರ ವರ್ಷ ಮುಚ್ಚಿಟ್ಟಿತ್ತು ಎಂದ ಮೇಲೆ ಒಕ್ಕಲಿಗನ ಮನೆತನದ ಹೆಸರಿಗೆ ಒಂದು ಸಾಲಿನ ದಾಖಲೆ ಎಷ್ಟು ಬೆಲೆಯುಳ್ಳದ್ದೆಂದು ತಿಳಿಯುತ್ತದೆ.

ಹಟ್ಟಿಯಂಥ ಹೆಸರು ವಿರಳವಾಗಿಯೇ ಉಳಿಯಲು ಕಾರಣ ಹಲವು. ಒಂದನ್ನು ಆಗಲೇ ಹೇಳಿದೆ: ಊರು ಬಿಟ್ಟವರು ಕೆಲವರೇ, ಅವರಲ್ಲಿಯೂ ಊರ ಹೆಸರೇ ಅಂಟಿದವರು ಇನ್ನೂ ಕೆಲವರು. ಉಳಿದವರಿಗೆ ಕಸುಬಿನ ಇಲ್ಲವೇ ಹುದ್ದೆಯ ಹೆಸರು ನಿಂತಿತು. ಹೆಸರು ಗಂಡುಮಕ್ಕಳ ಕಡೆಯಿಂದ ಮಾತ್ರ ಇಳಿಯುವುದು ಇನ್ನೊಂದು. ಇದರ ಲೆಕ್ಕವನ್ನು 1873ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾ‌ಲ್ಟನ್ ಕೇಳಿದರು, ಎಚ್. ಡಬ್ಲ್ಯೂ. ವಾಟ್ಸನ್ ಎಂಬ ಪಾದ್ರಿ ಬಿಡಿಸಲು ಹೊರಟರು. ಒಬ್ಬೊಬ್ಬನಿಗೆ ಸರಾಸರಿ ಒಬ್ಬ ಗಂಡುಮಗ ಇದ್ದರೂ ಕೆಲವರಿಗೆ ಇಬ್ಬರು ಮೂವರು, ಕೆಲವರಿಗೆ ಒಬ್ಬನೂ ಇಲ್ಲ. ಬರೀ ಹೆಣ್ಣುಮಕ್ಕಳಿರುವ ಮನೆಯಲ್ಲಿ ಹೆಸರು ಅಲ್ಲಿಗೆ ನಿಲ್ಲುತ್ತದೆ. ಸಾವಿರ ಮನೆಗಳಿರುವ ಹೆಸರಿಗೆ ಇದು ತಟ್ಟುವುದಿಲ್ಲ. ನಾಲ್ಕೇ ಮನೆಗಳಿರುವ ಹೆಸರು ಕೆಲವು ತಲೆಮಾರಿನಲ್ಲಿ ಅಳಿದುಹೋಗಬಹುದು. ವಂಶ ಅಳಿದಿರುವುದಿಲ್ಲ, ಮಗಳ ಮಕ್ಕಳು ಇದ್ದೇ ಇರುತ್ತಾರೆ. ಅವರ ಹೆಸರು ಬೇರೆ, ಅಷ್ಟೇ.

ವಿರಳ ಹೆಸರನ್ನು ಬಿಟ್ಟುಕೊಡುವವರೂ ಇದ್ದಾರೆ. ಕೇಳಿದವರಿಗೆಲ್ಲ ಅರ್ಥ ಹೇಳಿ ಸಾಕಾಗಿ ತಮ್ಮ ಸಮುದಾಯದಲ್ಲಿ ಬಳಕೆಯಲ್ಲಿರುವ ದೊಡ್ಡ ಹೆಸರೊಂದನ್ನು ಸೇರಿಸಿಕೊಳ್ಳುತ್ತಾರೆ. ಪಾಟೀಲ, ನಾಯಕ, ಗೌಡ ಎಂಬವು ಹೀಗೆ ಬೆಳೆಯುತ್ತಿರುವ ಹೆಸರುಗಳು. ಹಟ್ಟಿ ಎಂಬುದರಲ್ಲಿ ಒಂದು ದೊಡ್ಡ ಗುಣವಿದೆ: ಅದು ಜಾತಿ ಹೇಳುವುದಿಲ್ಲ. ಮುದಗಲ್, ಮಸ್ಕಿ, ಕವಿತಾಳ, ಹಟ್ಟಿ ಯಾವುದೇ ಇರಲಿ, ಊರ ಹೆಸರು ಲಿಂಗಾಯತರಿಗೂ ಕುರುಬರಿಗೂ ಮುಸಲ್ಮಾನರಿಗೂ ದಲಿತರಿಗೂ ಸಮನಾಗಿ ಒದಗುತ್ತದೆ. ಅದೇ ಕಾರಣಕ್ಕೆ ಅಡ್ಡಹೆಸರು ಒಂದೇ ಇದ್ದ ಮಾತ್ರಕ್ಕೆ ಸಂಬಂಧಿಕರಲ್ಲ. ಹೆಣ್ಣು ಗಂಡು ನೋಡುವಾಗ ಹಿರಿಯರು ಅಡ್ಡಹೆಸರನ್ನು ನೆಚ್ಚುವುದಿಲ್ಲ, ಕುಲದ ಬೆಡಗು ಕೇಳುತ್ತಾರೆ. ಭಾರತದ ಜನಗಣತಿ ಅಡ್ಡಹೆಸರುಗಳ ಪಟ್ಟಿಯನ್ನು ಪ್ರಕಟಿಸುವುದಿಲ್ಲವಾದ್ದರಿಂದ ಇಂಥ ಹೆಸರು ಎಷ್ಟು ಮನೆಗಳಲ್ಲಿದೆ ಎಂದು ತಿಳಿಯಲು ಮತದಾರರ ಪಟ್ಟಿಯಂಥ ದಾಖಲೆಗಳನ್ನೇ ನೋಡಬೇಕಾಗುತ್ತದೆ.

ಒಂದು ಹಟ್ಟಿ ಮನೆತನ ಯಾವ ಹಟ್ಟಿಯದು ಎಂದು ಪತ್ತೆಮಾಡಲು ಮೂರು ನಾಲ್ಕು ದಾರಿಗಳಿವೆ. ಚಿನ್ನದ ಗಣಿಯ ಊರೇ ಇರಬಹುದು; ಯಾವುದೋ ಕುರಿಗಾರರ ಹಟ್ಟಿಯೂ ಇರಬಹುದು; ಬರವಣಿಗೆಯಲ್ಲಿ ಕೆಟ್ಟ ಹತ್ತಿಯೂ ಇರಬಹುದು. ಮೊದಲು ಅಜ್ಜ ಮುತ್ತಜ್ಜರ ಕಾಲದ ಶಾಲೆಯ ದಾಖಲಾತಿ ಪುಸ್ತಕ ನೋಡಬೇಕು. ಅದು ಕನ್ನಡದಲ್ಲಿ ಅಥವಾ ನಿಜಾಮರ ಕಾಲದ್ದಾದರೆ ಉರ್ದುವಿನಲ್ಲಿ ಇರುತ್ತದೆ. ಉರ್ದುವಿನಲ್ಲಿ ಟಕಾರ ತಕಾರಗಳಿಗೆ ಬೇರೆ ಬೇರೆ ಅಕ್ಷರವಿರುವುದರಿಂದ ಹಟ್ಟಿಯೋ ಹತ್ತಿಯೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಹಳೆಯ ಪಹಣಿಯಲ್ಲಿ, ಖರೀದಿ ಪತ್ರದಲ್ಲಿ ಬಿಟ್ಟು ಬಂದ ಊರಿನ ಹೊಲದ ಉಲ್ಲೇಖ ಸಿಗಬಹುದು. ಮದುವೆ ಆಮಂತ್ರಣದ ಮೇಲ್ತುದಿಯಲ್ಲಿ ಅಚ್ಚು ಹಾಕಿಸುವ ಮನೆದೇವರ ಹೆಸರು ಎಲ್ಲಕ್ಕಿಂತ ಗಟ್ಟಿ ಸುಳಿವು. ಊರು ಬಿಟ್ಟರೂ ಮನೆದೇವರನ್ನು ಬಿಡುವವರು ಕಡಿಮೆ. ಜವಳ ತೆಗೆಸಲು, ಹರಕೆ ತೀರಿಸಲು ಆ ಗುಡಿಗೇ ಹೋಗಬೇಕು. ಗದಗದಲ್ಲೋ ಬಾಗಲಕೋಟೆಯಲ್ಲೋ ಇರುವ ಹಟ್ಟಿ ಮನೆತನದ ಕಾರ್ಡಿನ ಮೇಲೆ ‘ಶ್ರೀ ಅಮರೇಶ್ವರ ಪ್ರಸನ್ನ’ ಎಂದು ಗುರುಗುಂಟಾದ ದೇವರ ಹೆಸರಿದ್ದರೆ, ಮುತ್ತಜ್ಜ ಗಂಟು ಹೊತ್ತು ಹೊರಟದ್ದು ಬಹುಶಃ ಲಿಂಗಸುಗೂರು ಸೀಮೆಯಿಂದ.